ಗುಡ್ಡ ಬೀಳಲೆಂದು ಕಾದ ಮಳೆಗಾಲ

ಕಳೆದ ಮೇ ತಿಂಗಳಲ್ಲಿ ಅಂಕೋಲೆಯಲ್ಲಿ ನಾನು ಪಾಠ ಮಾಡುತ್ತಿದ್ದ ಹಳೆಯ ಕಾಲೇಜಿನವರು ಪ್ರಾಯೋಗಿಕ ಪರೀಕ್ಷೆಗೆ ಪರೀಕ್ಷಕನಾಗಿ ಬನ್ನಿ ಎಂದು ಕರೆದರು. ನಿವೃತ್ತನನ್ನು ಯಾರು ಯಾವುದಕ್ಕೆ ಕರೆದರೂ ಇಸ್ತ್ರಿ ಮಾಡಿದ ಅಂಗಿ ತಾನಾಗಿಯೇ ಮೈಮೇಲೆ ಬಂದು ಕೂರುತ್ತದೆ. ಹೋದೆ. ಭೌತಶಾಸ್ತ್ರ ವಿಭಾಗದ ಕೊನೆಯಲ್ಲಿರುವ ಕತ್ತಲಕೋಣೆಯ ಬೀಗ ತೆಗೆದ ಹೊಸ ಉಪನ್ಯಾಸಕರು ಮೂಗಿಗೆ ಕರವಸ್ತ್ರ ಹಿಡಿದು, "ಕ್ಷಮಿಸಿ ಸರ್, ಕಪಾಟಿನ ಹಿಂದೆ ಎಲ್ಲೋ ಇಲಿ ಸತ್ತಿರ್ಬೇಕು. ಎಷ್ಟು ಫಿನಾಯಿಲ್ ಹಾಕಿದ್ರೂ ಹೋಗೂದಿಲ್ಲ" ಅಂದರು.

ನಾನು ಒಂದು ದೀರ್ಘ ಉಸಿರೆಳೆದುಕೊಂಡೆ. ಗೋಡೆಯ ಸುಣ್ಣದೊಳಕ್ಕೆ ಇಳಿದು ಕೂತು, ಸೆಖೆ ಹೆಚ್ಚಾದಾಗ ಮಾತ್ರ ಹೊರಬರುವ ವಾಸನೆ ಅದು. ಒಣ ಶೆಟ್ಲಿ, ಅಂದರೆ ಸಿಗಡಿ. ಜೊತೆಗೆ ಸ್ವಲ್ಪ ಒಣ ಬಂಗಡೆ.

"ಇಲಿ ಅಲ್ಲ," ಅಂದೆ. "ಅದು ನನ್ನ ಪಿಎಚ್.ಡಿ."

ಅವರು ಹಿರಿಯರ ತಮಾಷೆಗೆ ನಗಬೇಕಾದಷ್ಟು ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನನಗೆ ನಲವತ್ತು ದಾಟಿತ್ತು, ತಲೆಯಲ್ಲಿ ಕೂದಲು ಕಡಿಮೆಯಾಗಿತ್ತು, ಹೆಸರಿನ ಹಿಂದೆ 'ಡಾ.' ಎಂಬ ಅಕ್ಷರ ಇನ್ನೂ ಸೇರಿರಲಿಲ್ಲ. ಘಟ್ಟದ ಮೇಲಿನ ಒಂದು ವಿಶ್ವವಿದ್ಯಾಲಯದಲ್ಲಿ ಲೇಸರ್ ಮತ್ತು ಬೆಳಕಿನ ಎಳೆಗಳ ಸಂಶೋಧನಾ ತಂಡವೊಂದಿತ್ತು. ಅದರಲ್ಲಿ ನಾನು ಎಲ್ಲರಿಗಿಂತ ಹಿರಿಯ ವಿದ್ಯಾರ್ಥಿ. ಪ್ರಯೋಗಾಲಯ ನೆಲಮಾಳಿಗೆಯಲ್ಲಿ. ದೇವಸ್ಥಾನದ ಹಾಗೆ ಹೊರಗೆ ಚಪ್ಪಲಿ ಬಿಡಬೇಕು, ಒಳಗೆ ಮೆಲ್ಲಗೆ ಮಾತಾಡಬೇಕು, ಸೀನು ಬಂದರೆ ಹೊರಗೋಡಬೇಕು. ಸೀನಿದರೆ ಅದು ಕಂಪ್ಯೂಟರಿನಲ್ಲಿ ದಾಖಲಾಗುತ್ತಿತ್ತು. ನಮ್ಮ ಗೈಡ್ ದೇಸಾಯಿ ಸರ್. ಬಯಲುಸೀಮೆಯವರು, ದೊಡ್ಡ ಮನಸ್ಸಿನವರು, ಪ್ರಕೃತಿಯು ತಮ್ಮ ಸಮೀಕರಣಗಳನ್ನು ಓದಿಕೊಂಡೇ ನಡೆಯುತ್ತದೆಂದು ನಂಬಿದವರು.

ನಾವು ಮಾಡುತ್ತಿದ್ದದ್ದು ಇಷ್ಟು. ಕೂದಲಿನಷ್ಟು ಸಪೂರದ ಗಾಜಿನ ಎಳೆಯೊಳಗೆ ಲೇಸರ್ ಬೆಳಕು ಬಿಡುವುದು. ಎಳೆಯ ನಡುವೆ ಅಲ್ಲಲ್ಲಿ ಬಹಳ ಸೂಕ್ಷ್ಮವಾದ ಗೀರುಗಳಿರುತ್ತವೆ. ಅವು ಒಂದು ಬಣ್ಣವನ್ನು ಮಾತ್ರ ಆರಿಸಿ ವಾಪಸು ಕಳಿಸುತ್ತವೆ. ಎಳೆಯನ್ನು ಯಾರಾದರೂ ತುಸುವೇ ಜಗ್ಗಿದರೂ ಆ ಬಣ್ಣ ಬದಲಾಗುತ್ತದೆ. ಅಂಥ ಎಳೆಯನ್ನು ಗುಡ್ಡದಲ್ಲಿ ಹೂತಿಟ್ಟರೆ, ಗುಡ್ಡ ಜಾರುವ ಮೊದಲೇ ನಮಗೆ ಸುದ್ದಿ ಬರಬೇಕು. ತೊಂದರೆ ಒಂದೇ: ಎಳೆ ಬಿಸಿಯಾದರೂ ಬಣ್ಣ ಬದಲಾಗುತ್ತದೆ. ಅದಕ್ಕಾಗಿ ಯಾರೂ ಜಗ್ಗದ ಇನ್ನೊಂದು ಎಳೆಯ ಸುರುಳಿಯನ್ನು ಜೊತೆಗಿಟ್ಟು, ಅದರ ಲೆಕ್ಕವನ್ನು ಇದರಿಂದ ಕಳೆಯಬೇಕು. ಈ ಸುರುಳಿಯ ವಿಷಯ ಓದುಗರು ನೆನಪಿಟ್ಟುಕೊಳ್ಳಬೇಕು. ನಾವು ಇಟ್ಟುಕೊಳ್ಳಲಿಲ್ಲ.

ಗುಡ್ಡ ಸಿಕ್ಕಿದ್ದು ಕಾರವಾರದಿಂದ ಅಂಕೋಲೆಗೆ ಬರುವ ದಾರಿಯಲ್ಲಿ, ಅಮದಳ್ಳಿ ದಾಟಿದ ಮೇಲೆ. ಹಿಂದೆ ಯಾವಾಗಲೋ ಮಣ್ಣಿಗಾಗಿ ಅರ್ಧ ಕಡಿದು ಬಿಟ್ಟ ಗುಡ್ಡ. ಮೇಲೆ ಚಿರೇಕಲ್ಲು, ಒಳಗೆ ಬೆಣ್ಣೆಯಂಥ ಶೇಡಿ ಮಣ್ಣು. ಅದರ ಬುಡದಲ್ಲಿ ಒಂದೇ ಮನೆ. ನಾಗವೇಣಿ ಮತ್ತು ಗಣಪತಿಯದು. ಮಗಳನ್ನು ಮಲ್ಲಾಪುರಕ್ಕೆ ಕೊಟ್ಟ ಮೇಲೆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಗಣಪತಿ ದೋಣಿಯ ಮೇಲೆ ಹೋಗುತ್ತಿದ್ದ, ನಾಗವೇಣಿ ಅಂಕೋಲೆಯ ಪೇಟೆಯಲ್ಲಿ ಮೀನು ಮಾರುತ್ತಿದ್ದಳು. ಮಳೆಗಾಲದಲ್ಲಿ ದೋಣಿ ದಡ ಹತ್ತಿದ ಮೇಲೆ ಇಬ್ಬರ ಬದುಕೂ ಅಡುಗೆಮನೆಯ ಅಟ್ಟದ ಮೇಲಿದ್ದ ಒಣಮೀನಿನ ಚೀಲಗಳ ಮೇಲೆ ನಿಂತಿತ್ತು. ಬೇಸಿಗೆಯಿಡೀ ಮರಳಿನ ಮೇಲೆ ಒಣಗಿಸಿ ಕೂಡಿಟ್ಟದ್ದು. ಕೆಳಗೆ ಒಲೆ ಉರಿಯುತ್ತಿರುವ ತನಕ ಅದಕ್ಕೆ ಥಂಡಿ ತಾಗುತ್ತಿರಲಿಲ್ಲ.

ನಾವು ಗುಡ್ಡದಲ್ಲಿ ಕಾಲುವೆ ತೋಡಿ ಎಳೆ ಹೂಳುವುದನ್ನು ನಾಗವೇಣಿ ಸೊಂಟಕ್ಕೆ ಕೈಕೊಟ್ಟು ನೋಡಿದಳು.

"ಈ ದಾರ ಎಂತಕೆ ಮಾಸ್ತರೇ? ಗುಡ್ಡ ಕಟ್ಟಿ ಹಾಕೂಕಾ?"

"ಅಲ್ಲ ನಾಗವೇಣಕ್ಕ, ಗುಡ್ಡ ಸರಿದ್ರೆ ಗೊತ್ತಾಗೂಕೆ."

"ಸರಿದ್ರೆ ನಂಗೇ ಗೊತ್ತಾಗ್ತದಲ್ರಾ. ತಲೆ ಮೇಲೇ ಬೀಳ್ತದೆ."

"ಬೀಳೂಕಿಂತ ಮೊದ್ಲೇ ಗೊತ್ತಾಗ್ಬೇಕು."

ಆಕೆ ಸ್ವಲ್ಪ ಯೋಚಿಸಿದಳು. "ಹಂಗಾರೆ ನಿಮ್ಗೆ ಗುಡ್ಡ ಬೀಳ್ಬೇಕು, ನಂಗೆ ಅದು ಬೀಳ್ದೇ ಇರ್ಬೇಕು. ಮಳೆಗಾಲ ಪೂರ್ತಿ ಒಂದೇ ಮನೇಲಿ ಹ್ಯಾಂಗೆ ಇರೂದು?"

ಇದು ನನ್ನ ಸಂಶೋಧನೆಯ ಬಗ್ಗೆ ಯಾರೂ ಇಷ್ಟು ಸ್ಪಷ್ಟವಾಗಿ ಹೇಳಿರದ ಮಾತು. ಸಂಶೋಧನೆಗೆಂದು ಕಾಲೇಜು ಕೊಟ್ಟ ರಜೆ ಹಲವು ಸಲ ಮುಂದೆ ಹೋಗಿ ಇನ್ನು ಹೋಗಲು ಜಾಗವಿಲ್ಲದ ಕಡೆಗೆ ಬಂದು ನಿಂತಿತ್ತು. ಹಿಂದಿನ ಮಳೆಗಾಲಗಳಲ್ಲಿ ನಾವು ಎಳೆ ಹೂತ ಗುಡ್ಡಗಳೆಲ್ಲ ಸಭ್ಯವಾಗಿ ನಿಂತಲ್ಲೇ ನಿಂತಿದ್ದವು. ಈ ಮಳೆಗಾಲದಲ್ಲೂ ಗುಡ್ಡ ಸರಿಯದಿದ್ದರೆ ನನ್ನ ನೋಂದಣಿ ರದ್ದು. ಇಡೀ ತಾಲೂಕಿನಲ್ಲಿ ಗುಡ್ಡ ಕುಸಿಯಲೆಂದು ಬಯಸುತ್ತಿದ್ದ ವಿದ್ಯಾವಂತ ನಾಗರಿಕ ನಾನೊಬ್ಬನೇ ಇರಬೇಕು. ಆ ಬಯಕೆಗೆ 'ಕ್ಷೇತ್ರ ಪರೀಕ್ಷೆಯ ಯಶಸ್ಸು' ಎಂಬ ಹೆಸರಿಟ್ಟುಕೊಂಡಿದ್ದೆ.

ಮಳೆ ಹಿಡಿಯಿತು. ಕರಾವಳಿಯ ಮಳೆಗೆ ಮಾಡಿನಿಂದ ಇಳಿಯುವ ನೀರಿಗಿಂತ ಗಾಳಿಯಲ್ಲಿ ನಿಲ್ಲುವ ನೀರು ಹೆಚ್ಚು. ಎಳೆಗೆ ಲೇಸರ್ ಬಿಟ್ಟು ವಾಪಸು ಬಂದ ಬಣ್ಣ ಅಳೆಯುವ ಬೆಳಕಿನ ಪೆಟ್ಟಿಗೆಯನ್ನು ಜಗಲಿಯ ಮೇಜಿನ ಮೇಲಿಟ್ಟಿದ್ದೆವು. ಕೆಲವೇ ದಿನಗಳಲ್ಲಿ ಅದರ ತುದಿಗಳಿಗೆ ಬೂಷ್ಟು ಹಿಡಿಯಿತು. ದೇಸಾಯಿ ಸರ್ ಖುದ್ದಾಗಿ ಜೀಪಿನಲ್ಲಿ ಘಟ್ಟವಿಳಿದು ಬಂದು ಮನೆಯ ಮೂಲೆಮೂಲೆಯಲ್ಲಿ ತೇವ ಅಳೆದರು. ಕೊನೆಗೆ ಏಣಿ ಹತ್ತಿ ಅಡುಗೆಮನೆಯ ಅಟ್ಟದೊಳಗೆ ತಲೆ ತೂರಿಸಿ, ಅಲ್ಲಿಂದಲೇ ಘೋಷಿಸಿದರು.

"ಇದರಕಿಂತ ಡ್ರೈ ಜಾಗಾ ನಮ್ಮ ಲ್ಯಾಬಿನ್ಯಾಗೂ ಇಲ್ರೀ! ಇಲ್ಲೇ ಇಡ್ರಿ."

ನಾವು ಮೂವರೂ ಸೇರಿ, ಅಂದರೆ ದೇಸಾಯಿ ಸರ್, ನಾನು ಮತ್ತು ತಂಡದ ಕಿರಿಯ ಸಂಶೋಧಕಿ ಸುಜಾತಾ, ಪೆಟ್ಟಿಗೆಯನ್ನು ಮಗುವಿನಂತೆ ಎತ್ತಿಕೊಂಡು ಎರಡು ಶೆಟ್ಲಿ ಚೀಲಗಳ ನಡುವೆ ಮಲಗಿಸಿದೆವು. ಆ ಸುರುಳಿ ಪೆಟ್ಟಿಗೆಯೊಳಗೇ ಇತ್ತು. ಮೂವರ ಪದವಿಗಳನ್ನು ಒಂದರ ಮೇಲೊಂದು ಪೇರಿಸಿದ್ದರೆ ಏಣಿಯೇ ಬೇಕಾಗುತ್ತಿರಲಿಲ್ಲ. ಆದರೂ ಒಬ್ಬರೂ ಕೆಳಗೆ ನೋಡಲಿಲ್ಲ.

ಮರುದಿನದಿಂದ ಗುಡ್ಡ ಸರಿಯತೊಡಗಿತು.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬೆಳಿಗ್ಗೆ ಅಂಕೋಲೆಯಿಂದ ಬಸ್ಸು ಹಿಡಿಯುವುದು, ಪೆಟ್ಟಿಗೆಗೆ ಜೋಡಿಸಿದ ಪರದೆಯ ಮೇಲಿನ ಗೆರೆ ನೋಡುವುದು, ಮಧ್ಯಾಹ್ನ ವಾಪಸು ಬಂದು ಊಟಕ್ಕೆ ಕೂತರೆ ಮತ್ತೆ ಮಳೆ ಜೋರಾದ ಸದ್ದು, ಅರ್ಧ ಊಟದಲ್ಲೇ ಮತ್ತೆ ಬಸ್ಸು. ಕಂಡಕ್ಟರು ಟಿಕೆಟ್ ಹರಿಯುತ್ತಾ, "ಮಾಸ್ತರೇ, ಅಲ್ಲಿ ಹೆಣ್ಣು ನೋಡೂಕೆ ಹೋಗ್ತ್ರಾ ಎಂತದು?" ಅಂದ. ಮಳೆ ಹೆಚ್ಚಾದ ದಿನ ಗೆರೆಯೂ ಹೆಚ್ಚು ಸರಿಯುತ್ತಿತ್ತು, ಹೊಳವಾದ ದಿನ ಕಡಿಮೆ. ದೇಸಾಯಿ ಸರ್ ಫೋನಿನಲ್ಲಿ ಕುಣಿದಾಡಿದರು.

"ಪಾಠದ ಪುಸ್ತಕದಾಗ ಇದ್ಧಂಗ ಬರಾಕ ಹತ್ತೇತ್ರೀ!"

"ಆದ್ರೆ ಸರ್, ಮೈನಸ್ ಬರ್ತಾ ಇದೆ. ಎಳೆ ಹಿಗ್ಗೂ ಬದ್ಲು ಕುಗ್ಗಿದ ಹಾಗೆ. ಗುಡ್ಡ ಮೇಲೆ ಹತ್ತಿದ ಲೆಕ್ಕ ಆಯ್ತು."

"ಅದು ಚಿಹ್ನೆದ್ದು ಗೊಂದಲ ರೀ. ನೀವು ಎಳಿ ಉಲ್ಟಾ ಹಾಕಿರಬೇಕು."

ಉಲ್ಟಾ ಹಾಕಿದರೂ ಹಿಗ್ಗಿದ್ದು ಹಿಗ್ಗಿದ್ದೇ ಅಲ್ಲವೇ ಎಂಬ ಪ್ರಶ್ನೆ ನಾಲಿಗೆಯ ತನಕ ಬಂತು. ಆದರೆ ಅಷ್ಟು ವರ್ಷ ಕಾದವನಿಗೆ ಗುಡ್ಡ ಯಾವ ದಿಕ್ಕಿಗೆ ಸರಿದರೂ ಅದೊಂದು ಕೃಪೆ. 

ಜೂನ್ ಕೊನೆಯಲ್ಲಿ ಆಕಾಶ ಹರಿದುಹೋದ ಹಾಗೆ ಮಳೆ ಬಂದು, ಗೆರೆ ನಾವು ಗೊತ್ತುಮಾಡಿದ್ದ ಅಪಾಯದ ಗುರುತನ್ನು ದಾಟಿತು. ಮನೆ ಖಾಲಿ ಮಾಡಿಸಿ ಎಂದು ದೇಸಾಯಿ ಸರ್ ಹೇಳಿದರು. ನಾನು ಗಂಭೀರ ಮುಖದಿಂದ ಹೇಳಿದೆ. ನಾಗವೇಣಿ ನನ್ನ ಮುಖ ನೋಡಿದಳು, ಗುಡ್ಡ ನೋಡಿದಳು, ಒಂದೂ ಎದುರು ಮಾತಾಡದೆ ಚೀಲ ಇಳಿಸಿದಳು. ಟೆಂಪೋದಲ್ಲಿ ಪ್ಲಾಸ್ಟಿಕ್ ಹೊದಿಸಿಕೊಂಡು ಗಂಡ ಹೆಂಡತಿ ಹಣಕೋಣಕ್ಕೆ, ಗಣಪತಿಯ ತಂಗಿಯ ಮನೆಗೆ ಹೋದರು. ಆ ಮನೆಯ ಅಟ್ಟದಲ್ಲಿ ಆಗಲೇ ಅವರ ತೆಂಗಿನಕಾಯಿ, ಕಟ್ಟಿಗೆ ತುಂಬಿತ್ತು. ನಾಗವೇಣಿಯ ಚೀಲಗಳಿಗೆ ಸಿಕ್ಕಿದ್ದು ಇರಚಲು ಹೊಡೆಯುವ ಜಗಲಿ.

ಮನೆ ಖಾಲಿಯಾಯಿತು. ಗುಡ್ಡ ಥಟ್ಟನೆ ನಿಂತಿತು.

ಪರದೆಯ ಮುಂದೆ ಕೂತಿದ್ದ ಸುಜಾತಾ ಹಿಂದಿನ ದಿನಗಳ ಗೆರೆಯನ್ನೆಲ್ಲ ಮತ್ತೆ ತೆಗೆದು ನೋಡಿದಳು. ಆಮೇಲೆ, "ಸರ್, ಈ ಗುಡ್ಡಕ್ಕೂ ನಾಗವೇಣಕ್ಕಂಗೂ ಏನೋ ಸಂಬಂಧ ಇದೆ" ಅಂದಳು. "ಅವ್ರು ಹೋದ್ಮೇಲೆ ಇದು ಅಲ್ಲಾಡ್ತಾನೇ ಇಲ್ಲ. ಹಿಂದಿನ ಗೆರೆ ನೋಡಿ. ಬೆಳಿಗ್ಗೆ ಒಂದು ತಗ್ಗು, ಸಂಜೆ ಒಂದು ತಗ್ಗು. ಭಾನುವಾರ ಮಧ್ಯಾಹ್ನ ಇನ್ನೊಂದು."

"ಭಾನುವಾರ ಅವರ ಮಗಳು ಅಳಿಯ ಊಟಕ್ಕೆ ಬರ್ತಿದ್ರು," ಅಂದೆ. ಅಂದ ಕೂಡಲೇ ಇಬ್ಬರೂ ಏಣಿಯ ಕಡೆ ಓಡಿದೆವು. ಅಟ್ಟದ ಹಲಗೆಗಳ ಸಂದಿನಲ್ಲಿ ನೇರ ಕೆಳಗೆ, ತಣ್ಣಗೆ ಬೂದಿಯಾಗಿ, ಒಲೆ ಕಾಣಿಸಿತು.

ಒಲೆ ಹೊತ್ತಿದಾಗ ಪೆಟ್ಟಿಗೆಯೊಳಗಿನ ಸುರುಳಿ ಬಿಸಿಯಾಗುತ್ತಿತ್ತು. ಅದರ ಲೆಕ್ಕವನ್ನು ನಾವು ಶ್ರದ್ಧೆಯಿಂದ ಕಳೆದಾಗ ಗುಡ್ಡ ಮೇಲೆ ಹತ್ತುತ್ತಿತ್ತು. ಮಳೆ ಜೋರಾದರೆ ಮೀನಿಗೆ ಥಂಡಿ ತಾಗಬಾರದೆಂದು ನಾಗವೇಣಿ ಒಲೆಗೆ ಇನ್ನೆರಡು ಕಟ್ಟಿಗೆ ಜಾಸ್ತಿ ಇಡುತ್ತಿದ್ದಳು. ಆದ್ದರಿಂದ ಮಳೆಗೂ ಗುಡ್ಡಕ್ಕೂ ಪುಸ್ತಕದಲ್ಲಿ ಇದ್ದಂಥ ಸಂಬಂಧ. ಕರಾವಳಿಯ ಅಡುಗೆಮನೆಯೊಂದನ್ನು ಇಷ್ಟು ನಿಖರವಾಗಿ ಅಳೆದವರು ನಮಗಿಂತ ಮೊದಲು ಇದ್ದಿರಲಾರರು.

ಸುದ್ದಿ ಹಣಕೋಣ ಮುಟ್ಟಿತು. ಅವರು ಮರಳಿ ಬಂದರು. ನಾಗವೇಣಿ ಬೊಬ್ಬೆ ಹೊಡೆಯಲಿಲ್ಲ. ಬೂಷ್ಟು ಹಿಡಿದ ಚೀಲಗಳನ್ನು ಒಂದೊಂದಾಗಿ ಬಿಚ್ಚಿ, ಮೂಸಿ, ತೆಂಗಿನ ಬುಡಕ್ಕೆ ಸುರಿದಳು. ಅರ್ಧಕ್ಕರ್ಧ ಹೋಗಿತ್ತು. ನಾನು ಛತ್ರಿ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಆ ಛತ್ರಿ ಯಾರಿಗೆ, ಯಾತಕ್ಕೆ ಎಂದು ನನಗೂ ಗೊತ್ತಿರಲಿಲ್ಲ. ಎಲ್ಲ ಸುರಿದಾದ ಮೇಲೆ ಆಕೆ ಕೈ ತೊಳೆದುಕೊಂಡು ಕೇಳಿದಳು.

"ಈಗ ಗಂಜಿ ಮಾಡ್ಲೋ ಅನ್ನ ಮಾಡ್ಲೋ ಮಾಸ್ತರೇ? ಗುಡ್ಡ ಎಷ್ಟು ತಡ್ಕಂತದೆ ನೋಡಿ ಹೇಳಿ."

ಆ ಮಾತು ನನಗಿಂತ ಮೊದಲೇ ಬಸ್ಸು ಹತ್ತಿ ಅಂಕೋಲೆಯ ಮೀನುಪೇಟೆ ಸೇರಿತು. ನಾನು ಪೇಟೆಯಲ್ಲಿ ನಡೆದರೆ, "ಏ, ಬೆಂಕಿ ಕಡಿಮೆ ಮಾಡ್ರೇ, ಮಾಸ್ತರು ಬಂದ್ರು" ಎಂದು ಹೆಂಗಸರು ಒಬ್ಬರಿಗೊಬ್ಬರು ಹೇಳುತ್ತಿದ್ದರು.

ನಗುವಿನ ಕತೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಮುಗಿಯಲಿಲ್ಲ. ಒಲೆ ತಣ್ಣಗಿದ್ದ ಆ ದಿನಗಳ ಗೆರೆಯನ್ನು ಸುಜಾತಾ ದೊಡ್ಡದು ಮಾಡಿ ನೋಡಿದಳು. ನಿಂತಿದೆ ಎಂದುಕೊಂಡದ್ದು ನಿಂತಿರಲಿಲ್ಲ. ಬಹಳ ನಿಧಾನವಾಗಿ, ಗೆದ್ದಲು ಏರುವ ಹಾಗೆ ಏರುತ್ತಿತ್ತು. ಈ ಸಲ ಪ್ಲಸ್. ಪೆಟ್ಟಿಗೆಯನ್ನು ಜಗಲಿಗೆ ತಂದು, ಮುಚ್ಚಿದ ಡಬ್ಬಿಯಲ್ಲಿ ಸುಣ್ಣದ ಹರಳು ಹಾಕಿ ಒಣಗಿಸಿಟ್ಟು, ಸುರುಳಿಯನ್ನು ಗುಡ್ಡದಲ್ಲೇ ಹೂತು ಮತ್ತೆ ನೋಡಿದೆವು. ಪ್ಲಸ್. ಗುಡ್ಡ ಮೊದಲ ಬಾರಿಗೆ ಗುರುತ್ವಾಕರ್ಷಣೆಗೆ ಗೌರವ ಕೊಟ್ಟು ಕೆಳಮುಖವಾಗಿ ಹೊರಟಿತ್ತು.

"ಗೆರಿ ಇನ್ನಷ್ಟು ಏರ್ಲಿ ರೀ," ಅಂದರು ದೇಸಾಯಿ ಸರ್. ದನಿಯಲ್ಲಿ ಕುಣಿತವಿರಲಿಲ್ಲ. "ಇನ್ನೊಮ್ಮೆ ಸುಳ್ಳಾದ್ರ ನಮ್ಮನ್ನ ಯಾವ ಗುಡ್ಡದ ಹತ್ರಾನೂ ಬಿಡಂಗಿಲ್ಲ. ಆ ಮಂದಿನೂ ನಂಬಂಗಿಲ್ಲ. ಖಾತ್ರಿ ಆಗ್ಲಿ."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಖಾತ್ರಿ ಎನ್ನುವುದು ಎಷ್ಟು ಹೊತ್ತಿಗೆ ಬರುತ್ತದೆ, ಗುಡ್ಡ ಎಷ್ಟು ಹೊತ್ತಿಗೆ ಬರುತ್ತದೆ, ಯಾವುದು ಮೊದಲು? ಮನೆಯಲ್ಲಿ ಹೆಂಡತಿ ಕುಕ್ಕರ್ ಇಟ್ಟು ಸೀಟಿ ಹೊಡೆದರೂ ಎದ್ದು ನಿಲ್ಲುತ್ತಿದ್ದೆ. ಬಸ್ಸಿನ ಕಿಟಕಿಯಿಂದ ಆ ಗುಡ್ಡದ ತಲೆ ಕಾಣುವ ತಿರುವು ಬರುವ ತನಕ ಅದರ ಸರಳು ಬಿಡುತ್ತಿರಲಿಲ್ಲ. ಕಂಡ ಕೂಡಲೇ ಸಮಾಧಾನ. ಅದರ ಹಿಂದೆಯೇ, ನಾಚಿಕೆಯಿಲ್ಲದ ಒಂದು ಸಣ್ಣ ನಿರಾಸೆ.

ಕೊನೆಗೆ ಯಾರನ್ನೂ ಕೇಳದೆ ನಾಗವೇಣಿಯ ಅಡುಗೆಮನೆಗೆ ಹೋಗಿ ಹೇಳಿದೆ. ಆಕೆ ಮೀನು ಹೆಚ್ಚುತ್ತಿದ್ದಳು, ತಲೆ ಎತ್ತಲಿಲ್ಲ.

"ಹೋದ ಸಲ ನಿಮ್ಮ ಮಾತು ಕೇಳಿ ಅರ್ಧ ತೆಂಗಿನ ಬುಡಕ್ಕೆ ಹೋಯ್ತು. ಉಳ್ದ ಅರ್ಧಾನೂ ಸುರಿಸೂಕೆ ಬಂದ್ರಾ?"

"ಈ ಸಲ ಒಲೆ ಅಲ್ಲ ನಾಗವೇಣಕ್ಕ. ನಿಜ."

"ಹೋದ ಸಲಾನೂ ನಿಜ ಅಂತೇ ಹೇಳಿದ್ರಿ. ಇದೇ ಮುಖ ಇಟ್ಕಂಡೇ ಹೇಳಿದ್ರಿ."

ಜಗಲಿಯಲ್ಲಿ ಬಲೆ ನೇಯುತ್ತಿದ್ದ ಗಣಪತಿ ಒಳಗೆ ಕೇಳುವ ಹಾಗೆ, "ಸಮುದ್ರದಲ್ಲಿ ಹವಾಮಾನ ಹೇಳೂರ ಮಾತು ಹತ್ತು ಸಲ ಸುಳ್ಳಾದ್ರೂ ನಾವು ರೇಡಿಯೋ ಹಾಕ್ತೇ ಇರ್ತೇವಪ್ಪ" ಅಂದ.

"ನೀವು ಸುಮ್ಗಿರಿ. ರೇಡಿಯೋ ನನ್ನ ಶೆಟ್ಲಿ ಹಾಳ್ ಮಾಡ್ಲಿಲ್ಲ." ಆಮೇಲೆ ಆಕೆ ಕತ್ತಿ ಕೆಳಗಿಟ್ಟಳು. "ಜೀವ ಉಳೀತು ಅಂತೇ ಇಟ್ಕಳಿ. ಉಳ್ದ ಜೀವಕ್ಕೆ ಚೌತಿ ತನಕ ಎಂತ ಮಾರಿ ಉಣ್ಸೂದು? ಒಣಾ ಜಾಗ ಒಂದು ತೋರ್ಸಿ. ಈ ಕ್ಷಣ ಹೊರಡ್ತೆ."

ಅರಬ್ಬೀ ಸಮುದ್ರದ ದಡದಲ್ಲಿ, ಜುಲೈ ತಿಂಗಳಲ್ಲಿ, ಒಣಗಿದ ಜಾಗ! ಆಕೆ ನನ್ನನ್ನು ಸೋಲಿಸಲೆಂದೇ ಕೇಳಿದ್ದಿರಬೇಕು. ಆದರೆ ಅಂಥದ್ದೊಂದು ಜಾಗ ನನಗೆ ಗೊತ್ತಿತ್ತು. ನಮ್ಮ ಕಾಲೇಜಿನ ಕತ್ತಲಕೋಣೆ. ಮಳೆಗಾಲದಲ್ಲಿ ಮಸೂರಗಳಿಗೆ ಬೂಷ್ಟು ಹಿಡಿಯುತ್ತದೆಂದು ಅಲ್ಲಿನ ಕಪಾಟುಗಳೊಳಗೆ ಹಗಲೂ ರಾತ್ರಿ ಬಲ್ಬು ಉರಿಸುತ್ತಿದ್ದೆವು. ಬೆಳಕು ಬರಬಾರದೆಂದು ಬಾಗಿಲು ಕಿಟಕಿಗೆ ಹೊಡೆದ ಕಂಬಳಿ ಗಾಳಿಯನ್ನೂ ಬಿಡುತ್ತಿರಲಿಲ್ಲ. ರಜೆಯಲ್ಲಿದ್ದರೂ ಅದರ ಕೀಲಿಕೈ ನನ್ನ ಬಳಿಯೇ ಇತ್ತು. ಪ್ರಾಂಶುಪಾಲರ ಅನುಮತಿ ಇರಲಿಲ್ಲ. ಆ ಕೊರತೆಯನ್ನು ನಾನು ತುಂಬಲು ಹೋಗಲಿಲ್ಲ.

ನಾಗವೇಣಿ ಒಪ್ಪಿದಳು. ಹೊರಡುವ ದಿನ ಬೆಳಿಗ್ಗೆಯೇ ಎಲ್ಲೋ ಮರ ಬಿದ್ದು ಕರೆಂಟು ಹೋಯಿತು. ಪೆಟ್ಟಿಗೆಯ ಬ್ಯಾಟರಿ ಮುಗಿಯುತ್ತ ಬಂದಿತ್ತು. ಸುಜಾತಾ ತಾನು ಬಂದಿದ್ದ ವಿಶ್ವವಿದ್ಯಾಲಯದ ಜೀಪನ್ನು ಡ್ರೈವರಿಗೆ ಹೇಳಿ ಜಗಲಿಗೆ ತಾಗಿಸಿ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು, ಅದರಿಂದ ಪೆಟ್ಟಿಗೆಗೆ ವೈರು ಎಳೆದಳು. ಪರದೆ ಜೀವ ಹಿಡಿದುಕೊಂಡಿತು. ಗೆರೆ ಈಗ ಗೆದ್ದಲಿನ ಹಾಗೆ ಏರುತ್ತಿರಲಿಲ್ಲ. ಕಣ್ಣಿಗೆ ಕಾಣುವ ಹಾಗೆ ಏರುತ್ತಿತ್ತು. ಇಷ್ಟು ವರ್ಷ ನಾನು ಕನಸಿನಲ್ಲಿ ಕಂಡಿದ್ದ ಗೆರೆ.

ಚೀಲ ಒಯ್ಯಲು ಟೆಂಪೋದವನಿಗೆ ಫೋನ್ ಮಾಡಿದರೆ ಆತ, "ಗುಡ್ಡದ ಮಾಸ್ತರಾ? ಈ ಮಳೇಲಿ ನಾ ಬರೂದಿಲ್ಲ ಮಾರಾಯ್ರೇ" ಎಂದು ಇಟ್ಟುಬಿಟ್ಟ. ಜೀಪಿನ ಡ್ರೈವರು ರಸ್ತೆ ನೋಡಿ ಬಂದ. "ಹಳ್ಳ ಮೋರಿ ಮಟ್ಟಕ್ಕೆ ಬಂದದೆ ಸರ್. ಹೋಗೂದಾದ್ರೆ ಈಗ. ಒಮ್ಮೆ ಹೋದ್ರೆ ವಾಪಸ್ ಬರೂದು ಸುಳ್ಳು."

ಜೀಪು ನಿಂತರೆ ಗೆರೆ ಉಳಿಯುತ್ತದೆ. ಹೊರಟರೆ ಶೆಟ್ಲಿ ಉಳಿಯುತ್ತದೆ. ಶೆಟ್ಲಿ ಹೊರಡದೆ ನಾಗವೇಣಿ ಹೊರಡುವುದಿಲ್ಲ, ನಾಗವೇಣಿ ಹೊರಡದೆ ಗಣಪತಿ ಹೊರಡುವುದಿಲ್ಲ. ದೇಸಾಯಿ ಸರ್ ಅವರನ್ನು ಕೇಳೋಣವೆಂದರೆ ಅಷ್ಟರಲ್ಲಿ ಫೋನೂ ಸತ್ತಿತ್ತು. ಅದು ಸತ್ತದ್ದು ನನಗೆ ಉಪಕಾರವಾಯಿತು ಎಂದು ಈಗ ಅನ್ನಿಸುತ್ತದೆ. ಸುಜಾತಾ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಬಗ್ಗಿ ವೈರು ಕಿತ್ತೆ. ಗೆರೆ ನಡುದಾರಿಯಲ್ಲಿ ನಿಂತು, ಪರದೆ ಕಪ್ಪಾಯಿತು.

ಅಂದು ಮಧ್ಯಾಹ್ನ ಅಂಕೋಲೆಯ ಕಡೆಗೆ ಹೊರಟ ಮೆರವಣಿಗೆ ಹೀಗಿತ್ತು: ಹಿಂದೆ ಮಾಡಿನ ತನಕ ಚೀಲಗಳು, ಅವುಗಳ ಮೇಲೆ ಮಲಗಿದ ಗಣಪತಿ, ಮಡಿಲಲ್ಲಿ ಬೆಳಕಿನ ಪೆಟ್ಟಿಗೆ ಇಟ್ಟುಕೊಂಡ ಸುಜಾತಾ, ಅವಳ ಹೆಗಲಿಗೇ ಒರಗಿದ ನಾಗವೇಣಿ, ಮುಂದೆ ಡ್ರೈವರ್ ಮತ್ತು ಗೇರ್ ಕೋಲಿನ ನಡುವೆ ಭಾರತೀಯ ಭೌತವಿಜ್ಞಾನದ ಪ್ರತಿನಿಧಿಯಾಗಿ ನಾನು.

ಗುಡ್ಡ ಬಿತ್ತು. ಆ ಮಧ್ಯಾಹ್ನಕ್ಕೂ ಮರುದಿನ ಬೆಳಗಿಗೂ ನಡುವೆ ಯಾವಾಗಲೋ. ನೋಡಿದವರಿಲ್ಲ, ಅಳೆದವರಿಲ್ಲ. ಮಳೆಯ ಸದ್ದಿನಲ್ಲಿ ಕೇಳಿದವರೂ ಇಲ್ಲ. ನಾವು ಹೋಗಿ ನೋಡಿದಾಗ ಅಡುಗೆಮನೆ, ಅಟ್ಟ, ನಡುಮನೆ ಎಲ್ಲ ಕೆಂಪು ಮಣ್ಣಿನ ಕೆಳಗಿದ್ದವು. ಮುಂದಿನ ಗೋಡೆಯೊಂದು ನಿಂತಿತ್ತು. ಬಾಗಿಲಿಗೆ ಹಾಕಿದ ಬೀಗ ಭದ್ರವಾಗಿತ್ತು. ನಾಗವೇಣಿಯ ಕೈಯಲ್ಲಿ ಕೀಲಿಕೈ ಇತ್ತು. ಆಕೆ ಅದನ್ನು ಸೆರಗಿನ ತುದಿಗೆ ಮತ್ತೆ ಗಂಟು ಹಾಕಿಕೊಂಡಳು.

ಗಣಪತಿ ನನ್ನ ಪಕ್ಕ ಬಂದು ನಿಂತ. "ಬಿತ್ತಲ್ರಾ ಮಾಸ್ತರೇ. ನಿಮ್ಗೆ ಸಿಕ್ತಾ?"

"ಇಲ್ಲ."

 ಆತ, ಖಾಲಿ ಬಲೆ ಎಳೆದುಕೊಂಡು ದಡಕ್ಕೆ ಬಂದವನನ್ನು ಇನ್ನೊಬ್ಬ ನೋಡುವ ಹಾಗೆ ನೋಡಿ, ತನ್ನ ಬೀಡಿ ಕಟ್ಟಿನಿಂದ ಒಂದು ಎಳೆದು ನನ್ನ ಕೈಗೆ ಕೊಟ್ಟ. ನಾನು ಸೇದುವವನಲ್ಲ. ಅಂದು ಸೇದಿದೆ.

ಆ ಮಳೆಗಾಲ ಮುಗಿಯುವ ತನಕ ನಾಗವೇಣಿ ನಮ್ಮ ಕಾಲೇಜಿಗೆ ಬಂದು, ಬಿ.ಎಸ್ಸಿ. ವಿದ್ಯಾರ್ಥಿಗಳ ನಡುವೆ ಹಾದು, ಕತ್ತಲಕೋಣೆಯಿಂದ ಬುಟ್ಟಿ ತುಂಬಿಕೊಂಡು ಪೇಟೆಗೆ ಹೋಗುತ್ತಿದ್ದಳು. ಪ್ರಾಂಶುಪಾಲರು ನನ್ನನ್ನು ಕರೆಸಿ, "ಇದು ಭೌತಶಾಸ್ತ್ರ ವಿಭಾಗವೋ ಮೀನುಪೇಟೆಯೋ?" ಎಂದು ಕೇಳಿದರು. ವಸ್ತುಗಳನ್ನು ತೇವದಿಂದ ರಕ್ಷಿಸುವ ಪ್ರಯೋಗ ಎಂದೆ. ಸುಳ್ಳು ಹೇಳಲಿಲ್ಲ.

ದೇಸಾಯಿ ಸರ್ ವೈರು ಕಿತ್ತ ವಿಷಯವನ್ನು ಪೂರ್ತಿ ಕೇಳಿಸಿಕೊಂಡರು. ಬಹಳ ಹೊತ್ತು ಕನ್ನಡಕ ಒರೆಸಿದರು. ಆಮೇಲೆ, "ಆ ಒಲಿ ಡೇಟಾ ಎಲ್ಲಾ ಇಟ್ಟೀರಿ ಹೌದಲ್ರೀ?" ಎಂದು ಕೇಳಿದರು. ಹಾಗೆ ನನಗೆ ಡಾಕ್ಟರೇಟ್ ಸಿಕ್ಕಿತು. ಪ್ರಬಂಧ ತೇವದ ವಾತಾವರಣದಲ್ಲಿ ಬೆಳಕಿನ ಎಳೆಗಳ ಮೇಲೆ 'ಆವರ್ತಕ ಉಷ್ಣಮೂಲ'ದ ಪ್ರಭಾವವನ್ನು ಕುರಿತದ್ದು. ಮೌಖಿಕ ಪರೀಕ್ಷೆಗೆ ಬಂದ ಹಿರಿಯರು ಆ ಉಷ್ಣಮೂಲದ ಶಿಸ್ತನ್ನು ಬಹಳ ಹೊಗಳಿ, ಅದನ್ನು ನಿಯಂತ್ರಿಸಲು ಏನು ಬಳಸಿದಿರಿ ಎಂದು ಕೇಳಿದರು. ಸ್ಥಳೀಯವಾಗಿ ಲಭ್ಯವಿದ್ದ ವ್ಯವಸ್ಥೆ ಎಂದು ಉತ್ತರಿಸಿದೆ.

ನಾಗವೇಣಿ, ಗಣಪತಿ ಈಗ ಅವರ್ಸಾದ ಹತ್ತಿರ ಮನೆ ಕಟ್ಟಿಕೊಂಡಿದ್ದಾರೆ. ಅದರ ಹಿಂದೆಯೂ ಒಂದು ಗುಡ್ಡವಿದೆ; ಇಲ್ಲಿ ಸಮುದ್ರಕ್ಕೂ ಗುಡ್ಡಕ್ಕೂ ನಡುವೆ ಮನೆ ಕಟ್ಟುವಷ್ಟೇ ಜಾಗ. ಆ ಗುಡ್ಡದಲ್ಲಿ ನನ್ನ ಎಳೆ ಇಲ್ಲ, ಪೆಟ್ಟಿಗೆ ಇಲ್ಲ, ನಾನು ಅದನ್ನು ಬಸ್ಸಿನ ಕಿಟಕಿಯಿಂದ ಮಾತ್ರ ನೋಡಿದವನು. ಆದರೂ ಪ್ರತಿ ಮಳೆಗಾಲ, ಮೋಡ ಕಟ್ಟಿ ಹಗಲೇ ದೀಪ ಹಚ್ಚುವಂಥ ದಿನ ನನ್ನ ಫೋನು ಬಡಿದುಕೊಳ್ಳುತ್ತದೆ.

"ಮಾಸ್ತರೇ, ಮಳೆ ಜೋರದೆ. ಹೊರಡೂದಾ, ಬ್ಯಾಡವಾ?"

ನನಗೆ ಹೇಗೆ ಗೊತ್ತಾಗಬೇಕು ಎಂದು ಎಷ್ಟೋ ಸಲ ವಿವರಿಸಿದ್ದೇನೆ. ಆಕೆ ಕೇಳಿಸಿಕೊಳ್ಳುವುದಿಲ್ಲ. ಹೋಗಿ ಎಂದರೆ ಸುಮ್ಮನೆ ಓಡಿಸಿದಂತಾಯಿತು, ಇರಿ ಎನ್ನುವ ಧೈರ್ಯವಿಲ್ಲ. ಏನು ಹೇಳುವುದೆಂದು ತಿಳಿಯದೆ ಒಂದು ಕ್ಷಣ ಸುಮ್ಮನಾಗುತ್ತೇನೆ. ಅಷ್ಟೇ ಸಾಕು. ನಾನು ಬಾಯಿ ತೆರೆಯುವುದರೊಳಗೆ ಆಕೆ, "ಗೊತ್ತಾಯ್ತು, ಹೊರಟೆ" ಎಂದು ಫೋನ್ ಇಟ್ಟಿರುತ್ತಾಳೆ.